ದಾಸ್ತಾನು ಪುಸ್ತಕ, ಪುಟ ನಲವತ್ತೊಂದು

ಜುಲೈನಲ್ಲೇ ಮುಗಿದುಹೋಯ್ತು ಸೋಸುವ ಕಾಗದ.
ಇಂಡೆಂಟ್ ಬರೆದು ಕಳಿಸಿದೆ; ಬರುವುದು ಸಂಕ್ರಾಂತಿ ಕಳೆದ ಮೇಲೆ,
ಅದೂ ಮಂಡ್ಯದ ಕಚೇರಿಯಲ್ಲಿ ಯಾರೋ ಒಬ್ಬರು
ರಜೆ ಹಾಕದೆ ಇದ್ದರೆ.
ಪಾಂಡವಪುರದ ನಮ್ಮ ಲ್ಯಾಬಿನ ಕಪಾಟಿನಲ್ಲಿ
ಆರು ಗಾಜಿನ ಆಲಿಕೆ
ಬಾಯಿ ಬಿಟ್ಟುಕೊಂಡು ಕೂತವು.

ನಾಲೆಗೆ ನೀರು ಬಿಟ್ಟ ವಾರವೇ ಎಂಟನೇ ಕ್ಲಾಸಿಗೆ ಆ ಪಾಠ.
ಹಾಜಿರಾ ಮೇಡಂ ಬಕೆಟ್ಟು ತೋರಿಸಿದರು:
ಬೆಲ್ಲದ ಕೊಪ್ಪರಿಗೆ ತೊಳೆದ ಹಾಗಿನ ನೀರು.
"ಏನಾದ್ರೂ ಮಾಡಿ" ಅಂದರು.
ಇಪ್ಪತ್ತಾರು ವರ್ಷದಿಂದ ಅಟೆಂಡರಿಗೆ
ಸರ್ಕಾರ ಹೇಳುತ್ತಿರುವುದೂ ಇಷ್ಟೇ.

ಬೇಕರಿಯಿಂದ ತಂದ ಟಿಶ್ಯೂ ನೀರು ಬಿದ್ದೊಡನೆ
ತಾನೇ ಹರಿದು ಕೆಸರಿಗೆ ಸೇರಿಕೊಂಡಿತು.
ನ್ಯೂಸ್‌ಪೇಪರ್ ಹಾಕೋಣ ಅಂದ ಹಿಂದಿನ ಬೆಂಚಿನ ಲೋಹಿತ.
ಬೇಡ ಕಣೋ, ಅದರ ಮಸಿ ನೀರಿಗಿಳಿಯುತ್ತೆ,
ಸುದ್ದಿಯನ್ನು ಓದಿದರೆ ಸಾಕು, ಕುಡಿಯುವುದು ಬೇಡ.
ಹೊಸ ಕೆಂಪು ಟವಲ್ಲು ಬಣ್ಣ ಬಿಟ್ಟಿತು.
ಟೀ ಜಾಲರಿಯಲ್ಲಿ ಹುಲ್ಲುಕಡ್ಡಿ ನಿಂತಿತು, ಒಂದು ಗೊದ್ದ ನಿಂತಿತು,
ಕೆಸರು ನಮಸ್ಕಾರ ಹೇಳಿ ಹೊರಟುಹೋಯಿತು.

ಆಗ ಸೈಕಲ್ ಹತ್ತಿ ಮನೆಗೆ ಹೋದೆ.
ನಮ್ಮವ್ವ ನಿಂಗಾಜಮ್ಮನ ನೂಲಿನ ಸೀರೆಯ ಸೆರಗು,
ಗುಡಾಣದ ಬಾಯಿಗೆ ಕಟ್ಟುತ್ತಿದ್ದ ತುಂಡು;
ಮೊದಲು ಯಾವ ಬಣ್ಣವಿತ್ತೋ ಯಾರಿಗೂ ನೆನಪಿಲ್ಲ.
ಚಿಕ್ಕವನಿದ್ದಾಗ ಕೇಳಿದ್ದೆ, ಹೊಸಾ ಬಟ್ಟೆ ಕಟ್ಟಬಾರ್ದೇನವ್ವ?
"ಹೊಸ್ದು ಇನ್ನೂ ಎಲ್ಲಾನೂ ಒಳಕ್ಕೆ ಬುಡ್ತದೆ ಕಣ್ಲಾ.
ಒಗುಸ್ಕಂಡು ಒಗುಸ್ಕಂಡು ಆಮ್ಯಾಕೆ ಅದಕ್ಕೇ ಗೊತ್ತಾಯ್ತದೆ
ಯಾವುದ್ನ ನಿಲ್ಲುಸ್ಬೇಕು ಅಂತ."

ಭೂತಗನ್ನಡಿ ಹಿಡಿದು ಈಗ ನೋಡಿದೆ:
ಕಲ್ಲಿಗೆ ಬಡಿದೂ ಬಡಿದೂ ಎಳೆ ಬಿಚ್ಚಿ, ನವಿರೆದ್ದು,
ಒಂದೊಂದು ಕಿಂಡಿಗೂ ಅಡ್ಡ ಮಲಗಿದೆ.

ನಾಲ್ಕು ಮಡಿಕೆ ಮಾಡಿ ಆಲಿಕೆಗಿಟ್ಟು ಸುರಿದೆ.
ಮೊದಲ ಹನಿಗಳು ಮಬ್ಬು.
"ಫೇಲು ಅಣ್ಣಾ" ಎಂದಳು ತೇಜಾವತಿ,
ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟಳು.
ತಡಿ ತಾಯಿ.
ಕಾಫಿ ಫಿಲ್ಟರಿನಲ್ಲೂ ಮೊದಲ ಇಳಿತಕ್ಕೆ ಹುಡಿ ಬರಲ್ವಾ?
ಇಳಿದದ್ದನ್ನು ಮತ್ತೆ ಮೇಲೆ ಸುರಿದೆ, ಮತ್ತೊಮ್ಮೆ.
ಬಟ್ಟೆಯಲ್ಲಿ ಸಿಕ್ಕಿಬಿದ್ದ ಕೆಸರು ಅಷ್ಟರಲ್ಲಿ
ತಾನೇ ಕಾವಲಿಗೆ ನಿಂತಿತ್ತು;
ಹಿಂದೆ ಬರುವ ಕೆಸರನ್ನು ಕೆಸರೇ ಹಿಡಿಯುತ್ತಿತ್ತು.
ಹನಿ ನಿಧಾನವಾಯಿತು.
ನಿಧಾನವಾದಷ್ಟೂ ತಿಳಿಯಾಯಿತು.
ತೇಜಾವತಿ ರಬ್ಬರು ಹುಡುಕಿದಳು.

ಲೋಟ ಬಾಯಿಗಿಟ್ಟ ಲೋಹಿತನ ಕೈ ಹಿಡಿದೆ.
ತಿಳಿ ಅಂದರೆ ಶುದ್ಧ ಅಲ್ಲ ಮಗನೇ.
ಮೇಡಂ ಚಿಟಿಕೆ ಉಪ್ಪು ಕರಗಿಸಿ ಅದೇ ಬಟ್ಟೆಯಲ್ಲಿ ಸೋಸಿ
ತಗಡಿನ ಮುಚ್ಚಳದಲ್ಲಿ ದೀಪದ ಮೇಲಿಟ್ಟರು;
ನೀರು ಹಾರಿತು, ಉಪ್ಪಿನ ಬಿಳಿ ಬಳೆ ಉಳಿಯಿತು.
ಕರಗಿ ಬಂದವನನ್ನು ಯಾವ ಸೆರಗೂ ತಡೆಯದು.
ಕಾಯಿಲೆಯ ಹುಳುಗಳಲ್ಲೂ ಸಣ್ಣವು ನುಸುಳುತ್ತವೆ.
ಸೋಸಿದ ಮೇಲೆ ಕೊತಕೊತ ಕುದಿಸು, ಆರಿಸು, ಮುಚ್ಚಿಡು.
ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕು,
ಇಲ್ಲದಿದ್ದರೆ ಇವತ್ತಿನ ನೀರಿಗೆ
ನಿನ್ನೆಯ ಕೊಳೆ ಬೆರೆಸಿದ ಹಾಗೆ.

ಡಿಸೆಂಬರಿನಲ್ಲಿ ತಪಾಸಣೆ. ದಾಸ್ತಾನು ಪುಸ್ತಕ ತುಂಬಿದೆ.
ಸೋಸುವ ಕಾಗದ: ಸೊನ್ನೆ.
ಅದರ ಕೆಳಗೆ, ಸೆರಗಿನ ತುಂಡು: ಒಂದು.
ಬೆಲೆಯ ಕಾಲಮ್ಮಿನಲ್ಲಿ ಗೀಟೆಳೆದೆ.
ಸ್ಥಿತಿ: ಸವೆದಿದೆ.
ಸವೆದ ವಸ್ತುಗಳನ್ನು ವಿಲೇವಾರಿ ಮಾಡತಕ್ಕದ್ದು ಎಂದು
ಪುಟದ ತಳದಲ್ಲಿ ಅಚ್ಚಾಗಿದೆ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಆಮೇಲೆ ಜಾಗ ಸಾಲದೆ
ಅಂಚಿನಲ್ಲಿ ಓರೆಯಾಗಿ ಬರೆದೆ:
ಅದಕ್ಕೇ ಬಳಕೆಯಲ್ಲಿದೆ.